ಮಡ್ಡಿಯ ಮೇಲಿನ ಮನೆ, ಕೆಳಗಿನ ನೀರು

ಭುವನೇಶ್ವರಿ ಹದಿನೈದು ವರ್ಷದಿಂದ ಮನುಷ್ಯರ ಮುಖಗಳನ್ನೇ ತೆಗೆಯುತ್ತ ಬಂದವಳು. ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಅವಳ ಗಂಡ ಸಿದ್ದಲಿಂಗ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯ ಮೇಲಿನ ಮಹಡಿಯಲ್ಲಿ, ಅವಳ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ವಾರ್ನಿಷ್ ವಾಸನೆ ಕುಡಿಯುತ್ತಲೇ ಮೆಟ್ಟಿಲು ಹತ್ತಬೇಕು. ಊರಿನಲ್ಲಿ ಫೋಟೋ ತೆಗೆಯುವ ಗಂಡಸರಿಗೇನು ಬರವಿರಲಿಲ್ಲ. ಆದರೆ ಬಸುರಿಗೆ ಮಾಡುವ ಕುಪ್ಪಸದ ಕಾರ್ಯ, ತೊಟ್ಟಿಲ ಕಾರ್ಯ, ಉಡಿ ತುಂಬುವುದು ಎಂದರೆ ಇವಳೇ ಬೇಕು. ಗಂಡಸು ಕ್ಯಾಮೆರಾ ಹಿಡಿದು ಒಳಗೆ ಬಂದರೆ ಸೆರಗು ಬಿಗಿದು ಕಲ್ಲಿನ ಹಾಗೆ ಕೂರುವ ಹೆಂಗಸರು, ಇವಳು ಬಂದರೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಆ ನಗೆಯೇ ಅವಳ ಬಂಡವಾಳ.

ಅಂಥವಳಿಗೆ ದೀಪಾವಳಿ ಮುಗಿದ ಮೇಲೆ ಒಂದು ದಿನ ಡಾಕ್ಟರ್ ವಸುಧಾ ಅವರ ಫೋನು ಬಂತು. ಬಾಗೇವಾಡಿಯ ಅರ್ಧ ಮಕ್ಕಳನ್ನು ಭೂಮಿಗೆ ಇಳಿಸಿದ ಕೈ ಅವರದು. ಭುವನೇಶ್ವರಿಯ ಮಗಳು ಹುಟ್ಟಿದ್ದೂ ಅವರ ದವಾಖಾನೆಯಲ್ಲೇ. ಮದುವೆಯ ಗೊಡವೆಗೆ ಹೋಗದೆ, ತಾಯಿ ಸರಸ್ವತೀಬಾಯಿಯವರ ಜೊತೆ ಇದ್ದ ವಸುಧಾ ಐವತ್ತು ದಾಟುವ ಹೊತ್ತಿಗೆ ತಮಗಾಗಿ ಒಂದು ಮನೆ ಕಟ್ಟಿಸಿಕೊಂಡಿದ್ದರು.

"ಭುವನಾ, ನಿನಗೊಂದು ಕೆಲಸ ಅದ. ಒಲ್ಲೆ ಅನಬ್ಯಾಡ."

"ಹೇಳ್ರಿ ಬಾಯಾರ. ಯಾರದರೆ ಕುಪ್ಪಸ ಏನ್ರಿ?"

"ಯಾರದೂ ಅಲ್ಲ. ನಮ್ಮ ಹೊಸಾ ಮನಿ ಫೋಟೋ ತಗೀಬೇಕು. ಮನಿದಷ್ಟ. ಅದರಾಗ ಒಂದು ನರಪಿಳ್ಳಿನೂ ಇರಬಾರದಂತ."

ಮನೆಯ ನಕಾಶೆ ಬರೆದವನು ವಸುಧಾ ಅವರ ತಮ್ಮ ಪಾರ್ಥ. ಪುಣೆಯಲ್ಲಿ ಆರ್ಕಿಟೆಕ್ಟ್. ಮನೆಗಳ ಬಗ್ಗೆಯೇ ಬರೆಯುವ ಒಂದು ಪತ್ರಿಕೆಯವರು ಈ ಮನೆಯ ಫೋಟೋ ಕೇಳಿದ್ದರು. ಬರಬೇಕಾಗಿದ್ದ ಪುಣೆಯ ಫೋಟೋಗ್ರಾಫರ್ ಡೆಂಗಿ ಜ್ವರ ಬಂದು ಮಲಗಿದ್ದ. ಪಾರ್ಥ ತಲೆ ಕೆಡಿಸಿಕೊಂಡು ಕೂತಿದ್ದಾಗ ಅಕ್ಕನೇ ಭುವನೇಶ್ವರಿಯ ಹೆಸರು ಹೇಳಿದ್ದರು.

"ಎಲ್ಲೈತ್ರಿ ಮನಿ?" ಎಂದು ಭುವನೇಶ್ವರಿ ಕೇಳಿದಳು.

"ಹಿನ್ನೀರಿನ ದಂಡಿಗೆ, ಮಡ್ಡಿ ಮ್ಯಾಲ. ಕಿಡಕಿ ತಗದರ ಬರೇ ನೀರು, ಅದರಾಚೆ ಗುಡ್ಡ. ನೋಡಿದ್ರ ನೀನೂ ಬಿಟ್ಟು ಹೋಗಂಗಿಲ್ಲ."

ಭುವನೇಶ್ವರಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು. "ಆತ್ರಿ, ಬರ್ತೇನಿ" ಎಂದಳು.

ಆ ಹಿನ್ನೀರು ಅವಳಿಗೆ ಹೊಸದಾಗಿರಲಿಲ್ಲ. ಅವಳು ಹುಟ್ಟಿದ ಹೊಳೆಹುಣಸಿ ಈಗ ಅದರ ಅಡಿಯಲ್ಲಿತ್ತು.

ಕೃಷ್ಣೆಯ ದಂಡೆಯ ಊರು ಅದು. ಅಪ್ಪ ರಾಚಪ್ಪನದು ಎರೆ ಹೊಲ. ಮಳೆ ಕೈಕೊಟ್ಟ ವರ್ಷವೂ ಬಿಳಿಜೋಳ ಆಳೆತ್ತರ ಬೆಳೆಯುತ್ತಿತ್ತು. ಆಲಮಟ್ಟಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಹಾಗೆ ಮುಳುಗುವ ಮನೆಗಳ ಫೋಟೋ ತೆಗೆಯಲು ಬಾಗೇವಾಡಿಯಿಂದ ರಾವಸಾಬ ಎಂಬ ಫೋಟೋಗ್ರಾಫರ್ ಬಂದಿದ್ದರು. ಪ್ರತಿ ಮನೆಯ ಮುಂದೆ ಮನೆಯವರನ್ನು ನಿಲ್ಲಿಸಿ ಒಂದೊಂದು ಫೋಟೋ. ಅವರ ಬೆನ್ನು ಹತ್ತಿ ಊರೆಲ್ಲ ಸುತ್ತಿದ ಹುಡುಗಿಗೆ ಅವರು ಒಂದು ಸಲ ಕ್ಯಾಮೆರಾದ ಕಿಂಡಿಯೊಳಗೆ ನೋಡಲು ಬಿಟ್ಟರು. ದೊಡ್ಡ ಮನೆ ಅಷ್ಟು ಸಣ್ಣದರಲ್ಲಿ ಹಿಡಿಸಿತಲ್ಲ ಎಂಬ ಬೆರಗು ಅವಳನ್ನು ಬಿಡಲೇ ಇಲ್ಲ. ಮದುವೆಯಾಗಿ ಬಾಗೇವಾಡಿಗೆ ಬಂದ ಮೇಲೆ ಅದೇ ರಾವಸಾಬರ ಸ್ಟುಡಿಯೋ ಹುಡುಕಿಕೊಂಡು ಹೋಗಿ ಕೆಲಸಕ್ಕೆ ನಿಂತಳು. ಕಣ್ಣು ಮಂಜಾದಾಗ ಅವರು ತಮ್ಮ ಕ್ಯಾಮೆರಾ, ದೀಪದ ಛತ್ರಿ ಎಲ್ಲ ಅವಳಿಗೇ ಕೊಟ್ಟು, "ಇನ್ನ ನೀನ ನೋಡವಾ" ಎಂದಿದ್ದರು.

ಊರು ಬಿಟ್ಟ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಬಾಗಿಲು ಚೌಕಟ್ಟು, ತೊಲೆ, ಜೋಳದ ಚೀಲ ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಿ, ಅದರ ತುದಿಯಲ್ಲಿ ಅವಳನ್ನು ಕೂರಿಸಿದ್ದರು. ಗಾಡಿ ಊರಬಾಗಿಲಾದ ಅಗಸಿ ದಾಟುವಾಗ ಹಿಂದೆ ನಡೆದು ಬರುತ್ತಿದ್ದ ಅಪ್ಪ ಒಮ್ಮೆಲೇ ಗದರಿದ್ದ: "ತಿರುಗಿ ನೋಡಬ್ಯಾಡ ಭುವನಾ! ಮುಂದ ನೋಡು!" ಅಪ್ಪ ಅಷ್ಟು ಜೋರಾಗಿ ಗದರಿದ್ದನ್ನು ಅವಳು ಅದಕ್ಕೆ ಮೊದಲು ಕೇಳಿರಲಿಲ್ಲ. ಅವಳು ತಿರುಗಲಿಲ್ಲ. ಮೇಲಿನ ದಿನ್ನೆಯಲ್ಲಿ ಸರಕಾರ ಕಟ್ಟಿಸಿಕೊಟ್ಟ ಹೊಸ ಊರಿಗೂ ಹೊಳೆಹುಣಸಿ ಎಂದೇ ಹೆಸರಿಟ್ಟರು. ಹೆಸರಿನೊಳಗಿನ ಹೊಳೆ ಬಂತು, ಹೊಳೆ ಬರಲಿಲ್ಲ. ಅಪ್ಪ ಹಳೆಯೂರಿನ ಮಾತು ತೆಗೆಯುತ್ತಿರಲಿಲ್ಲ. ಅವನ ದುಃಖ ಕೆದಕಬಾರದೆಂದು ಅವಳೂ ತೆಗೆಯಲಿಲ್ಲ. ಬಾಗಲಕೋಟೆಗೆ ಹೋಗುವ ಬಸ್ಸು ಹಿನ್ನೀರಿನ ಸೇತುವೆ ಏರಿದರೆ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯಲು ಶುರುಮಾಡುವಳು. ಬಸ್ಸಿನಲ್ಲಿ ಕೂತರೆ ಅವಳಿಗೆ ತಲೆ ತಿರುಗುತ್ತದೆಂದೇ ಮನೆಯವರು ತಿಳಿದಿದ್ದರು.

ವಸುಧಾ ಅವರ ಮನೆಗೆ ಹೋಗುವ ದಿನ ಸಿದ್ದಲಿಂಗ ಅಂಗಡಿಯಿಂದ ಗೋಡೆ ಕಟ್ಟುವ ಗವಂಡಿಗಳ ರಸಮಟ್ಟವೊಂದನ್ನು ತಂದು ಅವಳ ಬ್ಯಾಗಿನಲ್ಲಿ ತುರುಕಿದ. "ಮಂದಿ ಸೊಟ್ಟ ನಿಂತ್ರೂ ನಡೀತೈತಿ. ಗ್ವಾಡಿ ಸೊಟ್ಟ ಬಂದ್ರ ಮನಿ ಕಟ್ಟಿದವ್ರು ಬಿಡೂದಿಲ್ಲ" ಎಂದ. ಅವಳು ನಕ್ಕಳು. ಆದರೆ ಅದು ಅವಳಿಗೆ ದಿನವಿಡೀ ಉಪಯೋಗಕ್ಕೆ ಬಂತು.

ಡಾಂಬರು ರಸ್ತೆ ಬಿಟ್ಟು, ಹೂ ತುಂಬಿದ ತೊಗರಿ ಹೊಲಗಳ ನಡುವಿನ ದಾರಿಯಲ್ಲಿ ಸ್ಕೂಟಿ ಮಡ್ಡಿ ಏರಿತು. ನೇಗಿಲು ಇಳಿಯದ ಆ ಕಲ್ಲುನೆಲದ ನೆತ್ತಿಯಲ್ಲಿ ಮನೆ ಇತ್ತು. ದೂರದಿಂದ ಅದು ಮನೆಯೆಂದೇ ಅನ್ನಿಸುವುದಿಲ್ಲ. ಅಲ್ಲಿಯದೇ ಕಂದುಗಲ್ಲಿನ ಉದ್ದ ಗೋಡೆಗಳು, ಮೇಲೆ ಚಪ್ಪಟೆ ಕಾಂಕ್ರೀಟಿನ ಸೂರು. ಬಾಗಿಲು ದಾಟಿ ಒಳಗೆ ಹೋದರೆ ಬಯಲಿಗೆ ತೆರೆದ ಅಂಗಳ, ಅದರಲ್ಲಿ ತುಳಸಿ, ಆಮೇಲೆ ದೊಡ್ಡ ಪಡಸಾಲೆ. ಪಡಸಾಲೆಯ ಮೂರು ದಿಕ್ಕಿಗೆ ಗೋಡೆ. ನಾಲ್ಕನೆಯದು ನೆಲದಿಂದ ಸೂರಿನವರೆಗೆ ಗಾಜು. ಗಾಜಿನಾಚೆ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಅವಳು ಟ್ರೈಪಾಡ್ ಬಿಚ್ಚಲು ಕೂತಳು.

ಪಾರ್ಥ ತೆಳ್ಳಗಿನ, ಮೆಲು ಮಾತಿನ ಮನುಷ್ಯ. ಚಹಾ ಕುಡಿಯುತ್ತ ಮನೆಯ ಒಂದೊಂದು ಮೂಲೆಯನ್ನೂ ಅವಳಿಗೆ ಪರಿಚಯಿಸಿದ. "ನೀವು ನಿಮ್ಮ ಹಂಗ ತಗೀರಿ ಅಕ್ಕಾರ. ನಾ ನಡುವ ಬರಂಗಿಲ್ಲ" ಎಂದು ಹೇಳಿ, ಹೇಳಿದ ಹಾಗೆಯೇ ಆಚೆ ಹೋದ.

ಮನುಷ್ಯರನ್ನು ತೆಗೆಯುವವಳಿಗೆ ಖಾಲಿ ಮನೆ ಸುಲಭವಾಗಿ ಒಲಿಯಲಿಲ್ಲ. ಹೆಂಗಸರಿಗಾದರೆ "ಯಕ್ಕಾ, ಗದ್ದ ಮ್ಯಾಲೆತ್ತು" ಎನ್ನಬಹುದು, ಮಗುವಿಗೆ ಚಿಟಿಕೆ ಹೊಡೆಯಬಹುದು. ಗೋಡೆಗೆ ಏನು ಹೇಳುವುದು? ಅಗಲದ ಲೆನ್ಸ್ ಹಾಕಿದರೆ ಕಂಬಗಳು ಕುಡಿದವರ ಹಾಗೆ ಒಂದಕ್ಕೊಂದು ವಾಲುತ್ತಿದ್ದವು. ಗಾಜಿನಲ್ಲಿ ಕ್ಯಾಮೆರಾ ಹಿಡಿದ ಅವಳೇ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದಳು. ಕ್ಯಾಮೆರಾದ ಬೆನ್ನ ಮೇಲೆ ರಸಮಟ್ಟ ಇಟ್ಟು, ಅದರ ಗುಳ್ಳೆ ನಡುವಿಗೆ ಬರುವ ತನಕ ಟ್ರೈಪಾಡಿನ ಕಾಲು ತಿರುವುತ್ತ ಕೂತಳು. ಮಧ್ಯಾಹ್ನದ ಹೊತ್ತಿಗೆ ಕೈ ಕುದುರಿತು. ಅಡಿಗೆಮನೆಯ ಕಪ್ಪು ಕಲ್ಲಿನ ಕಟ್ಟೆಯ ಮೇಲೆ ಬಿದ್ದ ಬಿಸಿಲ ಪಟ್ಟಿ, ಅಂಗಳದ ನೆರಳು, ಕಲ್ಲುಗೋಡೆಯ ಸಂದಿನಲ್ಲಿ ಬೆಳೆದ ಹುಲ್ಲಿನೆಸಳು, ಮಲಗುವ ಕೋಣೆಯ ಬಿಳಿ ಹಾಸಿಗೆ. ಗಾಜಿನ ಕಡೆ ಬೆಳಕು ಕಣ್ಣು ಕುಕ್ಕುತ್ತಿತ್ತು, ಪರದೆ ಎಳೆದಳು. ಬಚ್ಚಲ ಕಿಟಕಿಯಲ್ಲಿ ನೀರು ಹೊಳೆದು ಚಿತ್ರ ಬೆಳ್ಳಗಾಗುತ್ತಿತ್ತು. ಬಾಗಿಲ ಕಡೆಯಿಂದ ತೆಗೆದಳು. ಪ್ರತಿ ಸಲವೂ ಕಾರಣ ಇತ್ತು, ಸರಿಯಾದ ಕಾರಣವೇ ಇತ್ತು.

ಸಂಜೆ ಪಾರ್ಥ ಲ್ಯಾಪ್‌ಟಾಪಿನಲ್ಲಿ ಫೋಟೋಗಳನ್ನು ಒಂದೊಂದಾಗಿ ನೋಡಿದ. ಪಕ್ಕದಲ್ಲಿ ವಸುಧಾ, ಹಿಂದೆ ಸರಸ್ವತೀಬಾಯಿ. "ಅಯ್ಯ, ನಮ್ಮ ಅಡಿಗಿಮನಿ ಇಷ್ಟ ಛಂದ ಅದನ?" ಎಂದು ತಾಯಿ ಅಚ್ಚರಿಪಟ್ಟರು. ಪಾರ್ಥ ಕಲ್ಲುಗೋಡೆಯ ಫೋಟೋದ ಮುಂದೆ ಬಹಳ ಹೊತ್ತು ನಿಂತ. ಮೊದಲಿಂದ ಕೊನೆಗೆ ಹೋದ, ಕೊನೆಯಿಂದ ಮೊದಲಿಗೆ ಬಂದ. ಆಮೇಲೆ, ಹೇಳಲೋ ಬೇಡವೋ ಎಂಬಂತೆ ಕೇಳಿದ:

"ಅಕ್ಕಾರ, ಫೋಟೋ ಭಾಳ ಛಲೋ ಬಂದಾವ. ಆದ್ರ ನೀರು ಎಲ್ಲೆ ಅದ?"

"ನೀರ್ರೀ?"

"ಈ ಮನಿ ಕಟ್ಟಿದ್ದ ನೀರು ನೋಡಲಿಕ್ಕೆ. ಯಾ ಖೋಲ್ಯಾಗ ನಿಂತ್ರೂ ನೀರು ಕಾಣಬೇಕಂತ ನಾ ವರ್ಷಗಟ್ಟಲೆ ಕೂತು ಗೆರಿ ಎಳದೇನಿ. ನೀವು ಇಡೀ ದಿನ ಇಲ್ಲೆ ಇದ್ದೀರಿ. ಒಂದರಾಗೂ ಒಂದು ಹನಿ ನೀರಿಲ್ಲ."

"ಹೊರಗಿನ ಬೆಳಕು ಜಾಸ್ತಿ ಆಗಾಕತ್ತಿತ್ತರೀ, ಅದಕ್ಕ ಪರದೆ..." ಎಂದು ಭುವನೇಶ್ವರಿ ಶುರುಮಾಡಿದಳು. ಕಣ್ಣು ಲ್ಯಾಪ್‌ಟಾಪಿನ ಮೇಲೆ ಬಿತ್ತು. ಎಳೆದ ಪರದೆ, ಬೆನ್ನು ಮಾಡಿದ ಕುರ್ಚಿ, ಮುಚ್ಚಿದ ಬಾಗಿಲು. ಎಲ್ಲ ಚಿತ್ರಗಳನ್ನೂ ಒಟ್ಟಿಗೆ ನೋಡುವ ತನಕ ಅವಳಿಗೇ ಅದು ತಿಳಿದಿರಲಿಲ್ಲ.

"ನಮ್ಮೂರು ಐತ್ರಿ ಅದರಾಗ" ಎಂದಳು. "ಹೊಳೆಹುಣಸಿ. ನಮ್ಮ ಮನಿ, ಹೊಲ, ನಾ ಕಲಿತ ಸಾಲಿ, ಎಲ್ಲಾ."

ಪಾರ್ಥ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದ. ತಾನು ಕಟ್ಟಿದ ಮನೆಯಲ್ಲಿ ತಾನೇ ಅತಿಥಿಯಾದವನ ಹಾಗೆ ಅವನ ಮುಖ ಸಣ್ಣದಾಗಿತ್ತು. ವಸುಧಾ ಅವಳ ಹೆಗಲ ಮೇಲೆ ಕೈಯಿಟ್ಟರು.

"ನನಗ ಗೊತ್ತಿರಲಿಲ್ಲವಾ. ಗೊತ್ತಿದ್ದರ ನಿನ್ನ ಕರೀತಿರಲಿಲ್ಲ. ಬಿಡು, ಇಷ್ಟ ಸಾಕು. ನೀರಿನ ಫೋಟೋ ಬ್ಯಾರೆಯವರು ತಗೀತಾರ."

ಆ ಮಾತು ಪ್ರೀತಿಯದೇ. ಆದರೆ "ಬ್ಯಾರೆಯವರು" ಎಂದದ್ದು ಭುವನೇಶ್ವರಿಗೆ ಮುಳ್ಳಿನ ಹಾಗೆ ಚುಚ್ಚಿತು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದವಳಲ್ಲ ಅವಳು.

"ಬ್ಯಾಡ್ರಿ ಬಾಯಾರ. ನಾನ ತಗೀತೇನಿ. ನಾಳೆ ಒಂದಿನ ಬಿಡ್ರಿ, ನಾಡದ ಬರ್ತೇನಿ."

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿದಳು. ಸಿದ್ದಲಿಂಗ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ. "ಹಂಗಾರ ನಿನಗ ತಲಿ ತಿರುಗೂದು ಬಸ್ಸಿನಿಂದ ಅಲ್ಲ" ಎಂದ. ಇಷ್ಟು ವರ್ಷ ಕೇಳದೆ ಹೋದೆನಲ್ಲ ಎಂಬ ಸಂಕಟ ಅವನ ದನಿಯಲ್ಲಿತ್ತು. "ನಾಳೆ ಮಾವಾರ ಕಡೆ ಹೋಗಿ ಬಾ. ಅವರ್ನ ಕೇಳಲಾರದ ನೀ ಆ ಫೋಟೋ ತಗಿಯಾಕಿ ಅಲ್ಲ, ನನಗ ಗೊತ್ತೈತಿ."

ಅವನು ಹೇಳಿದ್ದು ನಿಜವಾಗಿತ್ತು. ಅವಳಿಗೆ ಬೇಕಾಗಿದ್ದುದು ಅಪ್ಪನ ಒಪ್ಪಿಗೆ. ಅವನು ತಿರುಗಿ ನೋಡಬೇಡ ಎಂದದ್ದನ್ನು ಮೀರಿ, ದುಡಿಮೆಗಾಗಿ ಆ ನೀರಿನ ಚಂದ ತೆಗೆದುಕೊಡುವುದು ಅವಳಿಗೆ ಕಳ್ಳತನದ ಹಾಗೆ ಕಾಣುತ್ತಿತ್ತು.

ಹೊಸ ಹೊಳೆಹುಣಸಿಯಲ್ಲಿ ರಾಚಪ್ಪ ಅಂಗಳದಲ್ಲಿ ಕೂತು ಉಳ್ಳಾಗಡ್ಡಿ ಆರಿಸುತ್ತಿದ್ದ. ಎಪ್ಪತ್ತು ದಾಟಿದರೂ ಬೆನ್ನು ಬಾಗದ ಜೀವ. ಸೊಸೆ, ಮೊಮ್ಮಕ್ಕಳು, ಒಂದು ಎಮ್ಮೆ, ಎರಡು ಬೆಕ್ಕು, ಮನೆ ತುಂಬಿತ್ತು. ಭುವನೇಶ್ವರಿ ಅಪ್ಪನ ಎದುರು ಕೂತು ತಾನೂ ಉಳ್ಳಾಗಡ್ಡಿ ಆರಿಸತೊಡಗಿದಳು. ಬಹಳ ಹೊತ್ತು ಕೆಟ್ಟದ್ದು ಒಂದು ಕಡೆ, ಒಳ್ಳೆಯದು ಒಂದು ಕಡೆ ಹಾಕಿದ ಮೇಲೆ ಮಾತು ಬಂತು.

"ಅಪ್ಪಾ, ಹಿನ್ನೀರಿನ ದಂಡಿಗೆ ಡಾಕ್ಟರಬಾಯಾರ ಮನಿ ಐತಿ. ಫೋಟೋ ತಗಿಯಾಕ ಹೋಗಿದ್ನಿ."

"ಮಡ್ಡಿ ಮ್ಯಾಲಿಂದೇನು? ಕಲ್ಲಿನ ಗ್ವಾಡಿದು? ಛಲೋ ಕಟ್ಯಾರ ಬಿಡು."

ಅವಳ ಕೈ ನಿಂತಿತು. "ನಿನಗ ಹೆಂಗ ಗೊತ್ತು?"

"ಗೊತ್ತಿಲ್ದ ಏನ? ಪಾಯಾ ತಗದಾಗಿಂದ ನೋಡಾಕತ್ತೇನಿ. ಆ ಮಡ್ಡಿ ಮ್ಯಾಲ ನಾ ದನಾ ಕಾದಾಂವ."

"ನೀ ಆ ಕಡೆ ಹೋಕ್ಕೀಯೇನು?"

"ವರ್ಷಾ ಹೋಕ್ಕೀನಲ್ಲ. ಎಳ್ಳಮಾಸಿ ದಿನ ಇಲ್ಲಿ ಹೊಲದಾಗ ಭೂಮತಾಯಿಗೆ ಚರಗದ ಅಡಿಗಿ ಚೆಲ್ಲಿ, ಒಂದ್ ತುತ್ತು ಕಟಿಗೊಂಡು ನಾನೂ ನಿಮ್ಮವ್ವನೂ ನೀರಿನ ದಂಡಿಗೆ ಹೋಗ್ತಿದ್ವಿ. ಹಳೇ ಹೊಲಕ್ಕ ಉಪಾಸ ಕೆಡವಬಾರದಲ್ಲ. ನಿಮ್ಮವ್ವ ಹೋದ ಮ್ಯಾಲ ಒಬ್ಬನ ಹೋಗಿ ನೀರಿಗೆ ಬಿಟ್ಟು ಬರ್ತೇನಿ."

ಭುವನೇಶ್ವರಿಗೆ ತನ್ನ ಮುಂದೆ ಕೂತವನು ಯಾರೋ ಬೇರೆ ಮನುಷ್ಯ ಅನ್ನಿಸಿತು. "ಮತ್ತ ನನಗೊಂದಿನಾನೂ ಹೇಳಲಿಲ್ಲಲ್ಲಪ್ಪಾ!"

"ಹೆಂಗ ಹೇಳ್ಲಿ? ಹಳೇ ಊರು ಅಂದ್ರ ಸಾಕು, ನೀ ಎದ್ದು ಒಳಗ ಹೋಗ್ತಿದ್ದಿ. ಹುಡುಗಿ ಭಾಳ ಹಚಗೊಂಡೈತಿ, ಅಳಸೂದು ಬ್ಯಾಡ ಅಂತ ನಿಮ್ಮವ್ವನೂ ನಾನೂ ಬಾಯಿ ಮುಚಗೊಂಡ್ವಿ."

"ನೀನ ಅಂದಿದ್ದಿ ತಿರುಗಿ ನೋಡಬ್ಯಾಡಂತ! ಟ್ರ್ಯಾಕ್ಟರ್ ಮ್ಯಾಲ ಕುಂತಾಗ, ಅಗಸಿ ಮುಂದ. ಎಷ್ಟು ಜೋರ ಗದರಿದ್ದಿ!"

ರಾಚಪ್ಪ ನೆನಪು ಹುಡುಕುತ್ತ ಹುಬ್ಬು ಗಂಟಿಕ್ಕಿದ. ಆಮೇಲೆ ಅವನ ಮುಖ ಬಿಚ್ಚಿಕೊಂಡಿತು.

"ಅಯ್ಯ ಮಗಳ! ಹೇರು ವಾಲ್ಯಾಡಾಕತ್ತಿತ್ತು. ನೀ ತುದಿಗೆ ತೊಲಿ ಹಿಡಕೊಂಡು ಕುಂತಿದ್ದಿ. ತಿರುಗಿದ್ರ ಧೊಪ್ಪಂತ ಕೆಳಗ ಬೀಳ್ತಿದ್ದಿ. ಅದಕ್ಕ ಅಂದಿದ್ದು, ಮುಂದ ನೋಡಂತ. ಊರು ಬಿಡೂ ದಿನ ಮಗಳ ಕಾಲು ಮುರದ್ರ ಏನ್ ಮಾಡ್ಲಿ ನಾ?"

ಅವಳು ಅಪ್ಪನನ್ನೇ ನೋಡಿದಳು. ನಗು ಮೊದಲು ಬಂತೋ ಅಳು ಮೊದಲು ಬಂತೋ ಅವಳಿಗೇ ಗೊತ್ತಾಗಲಿಲ್ಲ. ಸೆರಗು ಬಾಯಿಗೊತ್ತಿ ನಕ್ಕಳು, ಸೆರಗು ಒದ್ದೆಯಾಯಿತು. ಅಡಿಗೆಮನೆಯಿಂದ ಸೊಸೆ ಇಣುಕಿ, "ಯಾಕ್ರೀ ಅಕ್ಕಾರ, ಉಳ್ಳಾಗಡ್ಡಿ ಭಾಳ ಘಾಟ ಅದಾವೇನ್ರಿ?" ಎಂದು ಕೇಳಿದಳು. ಅದಕ್ಕೆ ಅಪ್ಪ ಮಗಳು ಇಬ್ಬರೂ ಮತ್ತೆ ನಕ್ಕರು.

ನಗು ಇಳಿದ ಮೇಲೆ ರಾಚಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ. "ಹುಚ್ಚಿ. ಅದೊಂದ್ ಮಾತು ಇಷ್ಟು ವರ್ಷ ಹೊತಗೊಂಡು ತಿರುಗೀದೇನು?" ಎಂದ. "ನಾಳೆ ನಾನೂ ಬರ್ತೇನಿ ನಡಿ. ಆ ಮನಿ ಒಳಗ ಹೆಂಗೈತಿ ನೋಡೂ ಆಸೆ ನನಗೂ ಐತಿ."

ಮರುದಿನ ಮಧ್ಯಾಹ್ನ ಮಗಳ ಸ್ಕೂಟಿಯ ಹಿಂದೆ ಟ್ರೈಪಾಡ್ ಅಪ್ಪಿಕೊಂಡು ರಾಚಪ್ಪ ಮಡ್ಡಿ ಏರಿ ಬಂದ. ಪಾರ್ಥ ಬಾಗಿಲಿಗೆ ಬಂದವನು ಕೈ ಮುಗಿದು, "ನಿಮ್ಮ ಊರಿನ ಮ್ಯಾಲ..." ಎಂದು ತಡವರಿಸಿದ.

"ಊರಿನ ಮ್ಯಾಲ ನೀರು ಐತ್ರಿ, ನಿಮ್ಮ ಮನಿ ಮಡ್ಡಿ ಮ್ಯಾಲ ಐತಿ" ಎಂದ ರಾಚಪ್ಪ. "ನೀವೇನ್ ಮುಳುಗಿಸಿಲ್ಲ. ಒಳಗ ಬರಲೇನ್ರಿ?"

ಸರಸ್ವತೀಬಾಯಿ ಅವನಿಗೆ ಮನೆಯೆಲ್ಲ ತೋರಿಸಿದರು. ಇಬ್ಬರೂ ಒಂದೇ ಓರಗೆಯವರು; ಮಾತಿಗೆ ಬರವಿರಲಿಲ್ಲ. ಹೊಸ್ತಿಲೇ ಇಲ್ಲದ ಬಾಗಿಲುಗಳನ್ನು ಕಂಡು ರಾಚಪ್ಪ, "ಹೊಸ್ತಿಲ ಇಲ್ಲ, ಕುಂಕುಮ ಎಲ್ಲಿ ಹಚ್ತೀರಿ?" ಎಂದು ಕೇಳಿದ. "ಅದನ್ನ ನಾನೂ ಕೇಳಿದೆ! ಎಡವಿ ಬೀಳ್ತಿ ಅಂತ ತಗಸ್ಯಾನ. ಈಗ ನೆಲಕ್ಕ ಹಚ್ಚತೇನಿ, ಏನ್ ಮಾಡಲಿ" ಎಂದು ಸರಸ್ವತೀಬಾಯಿ ಮಗನ ಮೇಲೆ ದೂರು ಹೇಳಿದರು. ಆಮೇಲೆ ಅವರೇ, "ಆದ್ರ ಮುಂಜಾನೆ ಎದ್ದು ನೀರು ನೋಡಿದ್ರ ಸಂಧ್ಯಾವಂದನಿ ಮಾಡಿಧಂಗ ಆಗತದ ನೋಡ್ರಿ" ಎಂದೂ ಸೇರಿಸಿದರು.

ಭುವನೇಶ್ವರಿ ಪಡಸಾಲೆಯ ನಡುವೆ ಟ್ರೈಪಾಡ್ ನಿಲ್ಲಿಸಿದ್ದಳು. ಪರದೆ ಇನ್ನೂ ಎಳೆದೇ ಇತ್ತು. ರಾಚಪ್ಪ ಬಂದು ಅವಳ ಪಕ್ಕದಲ್ಲಿ ನಿಂತ. ಅವಳೇ ಹೋಗಿ ಪರದೆ ಸರಿಸಿದಳು, ಗಾಜಿನ ಬಾಗಿಲನ್ನು ಪೂರ್ತಿ ಬದಿಗೆ ದೂಡಿದಳು.

ನೀರು ಆಚೆ ದಂಡೆಯೇ ಇಲ್ಲವೇನೋ ಎನ್ನುವಷ್ಟು ಅಗಲವಿದೆ ಎಂದು ಅವಳು ಎಂದೂ ಎಣಿಸಿರಲಿಲ್ಲ. ಸಂಜೆ ಬಿಸಿಲಿಗೆ ಅದು ತೆಳುವಾಗಿ ಮಿನುಗುತ್ತಿತ್ತು. ಬಹಳ ಆಚೆ ಗುಡ್ಡದ ಸಾಲು, ಒಂದರ ಹಿಂದೊಂದು, ನೀಲಿಯಿಂದ ಬೂದಿಗೆ ಕರಗುತ್ತಿತ್ತು. ಮೀನುಗಾರರ ಒಂದು ತೆಪ್ಪ. ಬೇರೇನೂ ಇಲ್ಲ. ನೀರಿನ ಕೆಳಗೆ ಊರಿದೆ ಎಂದು ಹೇಳುವ ಒಂದು ಗುರುತೂ ಇರಲಿಲ್ಲ, ಅದೇ ಅವಳಿಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸಿತು. ಇಷ್ಟು ವರ್ಷ ಅವಳು ಮುಖ ತಿರುಗಿಸಿದ್ದು, ಮುರಿದ ಗೋಡೆಗಳು ಕಂಡಾವು ಎಂಬ ಭಯದಿಂದ. ಅಲ್ಲಿದ್ದುದು ಸುಮ್ಮನೆ ನೀರು.

"ಆ ತೆಪ್ಪ ಐತಲ್ಲ" ಎಂದು ರಾಚಪ್ಪ ಗದ್ದದಿಂದ ತೋರಿಸಿದ, "ಅದರ ಈಚಿಗೆ ನಮ್ಮ ಹೊಲ. ಅದರ ಬಲಕ್ಕ ಅಗಸಿ. ಅಲ್ಲಿಂದ ನಿನ್ನ ಸಾಲಿ, ಇಷ್ಟ. ನೀ ದಿನಾ ತಡಾ ಮಾಡ್ತಿದ್ದಿ, ಮಾಸ್ತರ್ರು ದಿನಾ ಹೊರಗ ನಿಂದ್ರಸ್ತಿದ್ರು."

"ಒಂದಿನ ಅಷ್ಟ ನಿಂದ್ರಸಿದ್ರು" ಎಂದಳು ಭುವನೇಶ್ವರಿ. ಅವಳಿಗೆ ಸಾಲಿಯ ಕಟ್ಟೆಯ ಬಿಸುಪು ಅಂಗಾಲಿನಲ್ಲಿ ಬಂದ ಹಾಗಾಯಿತು. ಅಪ್ಪ ಇನ್ನೂ ಹೇಳುತ್ತಿದ್ದ: ಯಾರ ಮನೆ ಯಾವ ಕಡೆ, ಯಾವ ಬಾವಿಯ ನೀರು ಸಿಹಿ, ಬೇವಿನ ಮರ ಎಲ್ಲಿತ್ತು. ಅವಳು ಬೇಕಾದದ್ದನ್ನೆಲ್ಲ ಕೇಳಿದಳು. ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲು ಯಾವ ದಿಕ್ಕಿಗೆ ಎಂದೂ ಕೇಳಿದಳು. ಪಾರ್ಥ, ವಸುಧಾ ಹಿಂದೆ ನಿಂತು ಕೇಳಿಸಿಕೊಂಡರು. ಹೊತ್ತು ಜಾರುತ್ತಿತ್ತು, ಕೊನೆಗೆ ರಾಚಪ್ಪನೇ ಎಚ್ಚರಿಸಿದ:

"ಬಿಸಿಲು ಹೋಗಾಕತ್ತೈತಿ. ಲಗೂ ತಗಿ ನಿನ್ನ ಫೋಟೋ."

ಅವಳು ಕೆಲಸಕ್ಕೆ ಇಳಿದಳು. ಮೊನ್ನೆ ಕಾಡಿದ್ದೆಲ್ಲ ಈಗಲೂ ಇತ್ತು. ಒಳಗೆ ಕತ್ತಲೆ, ಹೊರಗೆ ಬೆಳಕು. ಆದರೆ ಸೂರ್ಯ ಗುಡ್ಡಕ್ಕೆ ತಾಗುವ ಹೊತ್ತಿಗೆ ಎರಡೂ ಒಂದು ಹದಕ್ಕೆ ಬರುತ್ತವೆ ಎಂಬುದನ್ನು ಅವಳು ಮದುವೆ ಮಂಟಪಗಳಲ್ಲಿ ಕಲಿತಿದ್ದಳು. ಕಾದಳು. ಪಾರ್ಥ ಒಂದು ಕುರ್ಚಿ ಸರಿಸಲೇ ಎಂದ. ಬ್ಯಾಡ್ರಿ ಎಂದಳು. ಕಲ್ಲುಗೋಡೆ ಕೆಂಪಾಯಿತು, ಪಡಸಾಲೆಯ ನುಣುಪು ನೆಲದ ಮೇಲೆ ನೀರಿನ ಹೊಳಪು ತೆವಳಿಕೊಂಡು ಬಂತು. ನೀರು ಮನೆಯೊಳಗೆ ಬಂತೋ ಮನೆ ನೀರಿನ ತನಕ ಚಾಚಿತೋ ಗೆರೆ ಅಳಿಸಿಹೋಯಿತು. ಅವಳು ಉಸಿರು ಹಿಡಿದು ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಬೆಳಕು ಹೋಗುವ ತನಕ ಬಿಡಲಿಲ್ಲ.

"ಅಪ್ಪಾ, ಅಲ್ಲಿ ನಿಂದ್ರು, ನಿಂದೊಂದು ತಗೀತೇನಿ" ಎಂದಳು ಕೊನೆಗೆ.

"ನಂದ್ಯಾಕ, ಮನಿದು ತಗಿ. ಅವ್ರು ಕರಸಿದ್ದು ಮನಿ ಸಲುವಾಗಿ" ಎಂದ ರಾಚಪ್ಪ, ಮತ್ತು ಸರಸ್ವತೀಬಾಯಿ ಕೊಟ್ಟ ಅವಲಕ್ಕಿಯ ಕಡೆ ಗಮನ ಕೊಟ್ಟ.

ಪತ್ರಿಕೆ ಬಂದಾಗ ಅದರಲ್ಲಿ ಅವಳ ಮೂರು ಫೋಟೋಗಳಿದ್ದವು: ಅಡಿಗೆಮನೆಯದು, ಅಂಗಳದ್ದು, ಕಲ್ಲುಗೋಡೆಯದು. ನೀರಿನ ಫೋಟೋ ಅವರು ಹಾಕಿರಲಿಲ್ಲ. ಅಂಥ ಸಂಜೆಯ ಫೋಟೋ ಎಲ್ಲರೂ ಕಳಿಸುತ್ತಾರಂತೆ. ಪಾರ್ಥನಿಗೆ ಬಹಳ ಬೇಸರವಾಯಿತು, ಭುವನೇಶ್ವರಿಗೆ ಸ್ವಲ್ಪ ಆಯಿತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಅವಳ ಹೆಸರಿನ ಮೇಲೆ ಸಿದ್ದಲಿಂಗ ಅಂಗಡಿಗೆ ಬಂದವರಿಗೆಲ್ಲ ಬೆರಳಿಟ್ಟು ತೋರಿಸಿ ಆ ಪುಟಕ್ಕೆ ಗ್ರೀಸ್ ಕಲೆ ಮಾಡಿದ.

ನೀರಿನ ಫೋಟೋವನ್ನು ವಸುಧಾ ದೊಡ್ಡದಾಗಿ ಮಾಡಿಸಿ ತಮ್ಮ ದವಾಖಾನೆಯ ಹೊರಗಿನ ಕೋಣೆಯಲ್ಲಿ, ಪಾಳಿ ಕಾಯುವವರ ಎದುರಿಗೆ ತೂಗುಹಾಕಿದರು. ತಿಂಗಳು ಕಳೆಯುವುದರೊಳಗೆ ಅಲ್ಲಿ ಒಂದು ಹೊಸ ರೂಢಿ ಹುಟ್ಟಿತು. ಮುಳುಗಿದ ಊರುಗಳಿಂದ ಎದ್ದು ಬಂದವರು, ಸೊಸೆಯನ್ನೋ ಮಗಳನ್ನೋ ತೋರಿಸಲು ಬಂದ ಹೆಂಗಸರು, ಫೋಟೋದ ಮುಂದೆ ನಿಂತು ವಾದ ಹಚ್ಚುತ್ತಿದ್ದರು. "ಇಲ್ಲೈತಿ ನೋಡು ನಮ್ಮ ಊರು." "ಅಲ್ಲಬೇ, ಅದು ನಮ್ಮದು, ನಿಮ್ಮದು ಆ ಗುಡ್ಡದ ಕಡೆ." ಒಬ್ಬರು ತೋರಿಸಿದ್ದನ್ನು ಇನ್ನೊಬ್ಬರು ಒಪ್ಪರು. ಬೆರಳು ತಾಗಿ ತಾಗಿ ಗಾಜು ಮಸುಕಾಗಿ, ಕಂಪೌಂಡರ್ ದಿನಾ ಅದನ್ನು ಒರೆಸುವ ಹೊಸ ಕೆಲಸ ಹಚ್ಚಿಕೊಂಡ. ಒಂದು ಸಲ ಭುವನೇಶ್ವರಿ ಮಗಳ ಕೆಮ್ಮಿಗೆ ಔಷಧ ತರಲು ಹೋದಾಗ, ತೊಂಬತ್ತರ ಹತ್ತಿರದ ಮುದುಕಿಯೊಬ್ಬಳು ಆ ಖಾಲಿ ನೀರಿನಲ್ಲಿ ತನ್ನ ತವರುಮನೆಯ ಹಿತ್ತಲ ಬಾಗಿಲನ್ನು ಮೊಮ್ಮಗಳಿಗೆ ತೋರಿಸುತ್ತಿದ್ದಳು. ಭುವನೇಶ್ವರಿ ತಾನು ಯಾರೆಂದು ಹೇಳಲಿಲ್ಲ. ಮುದುಕಿಯ ಮಾತು ಮುಗಿಯುವ ತನಕ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ಔಷಧ ತೆಗೆದುಕೊಂಡು ಬಂದಳು.

ಆ ವರ್ಷದ ಎಳ್ಳಮಾಸಿಗೆ ಹಿನ್ನೀರಿನ ದಂಡೆಗೆ ಹೋದದ್ದು ಒಂದು ಟೆಂಪೋ ತುಂಬ ಮಂದಿ. ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಸಿದ್ದಲಿಂಗನೂ ಮಗಳೂ ಬಂದಿದ್ದರು. ನೀರಿಗೆ ಚರಗ ಬಿಡುವಾಗ "ಹುಲ್ಲುಲ್ಲಿಗೋ" ಎಂದು ರಾಚಪ್ಪ ಚರಗದ ಕೂಗು ಹಾಕಿದರೆ, "ಚಳ್ಳಂಬರಿಗೋ" ಎಂದು ಎಲ್ಲರಿಗಿಂತ ಜೋರಾಗಿ ದನಿಗೂಡಿಸಿದವಳು ಭುವನೇಶ್ವರಿ.

ಈಗ ಅವಳನ್ನು ಮನೆಗಳ ಫೋಟೋಕ್ಕೂ ಕರೆಯುತ್ತಾರೆ. ಇಂಡಿಯ ಲಿಂಬೆ ತೋಟದ ನಡುವಿನ ಬಂಗಲೆ, ಝಳಕಿಯಲ್ಲಿ ಹೆದ್ದಾರಿಗೆ ಮುಖ ಮಾಡಿದ ಮೂರು ಮಹಡಿ, ಆಲಮೇಲದ ಕಬ್ಬಿನ ಗದ್ದೆಯಾಚೆ ಭೀಮೆ ಕಾಣುವ ಒಂದು ಮನೆ. ಕುಪ್ಪಸದ ಕಾರ್ಯಗಳನ್ನೂ ಅವಳು ಬಿಟ್ಟಿಲ್ಲ. ಎಲ್ಲಿಗೆ ಹೋದರೂ ಮೊದಲು ಕಿಟಕಿಗಳನ್ನೆಲ್ಲ ತೆರೆದು, ಆಚೆ ಏನಿದೆ, ಮೊದಲು ಅಲ್ಲಿ ಏನಿತ್ತು ಎಂದು ಮನೆಯವರನ್ನು ಮಾತಿಗೆಳೆದು, ಆಮೇಲೆ ಬ್ಯಾಗು ಬಿಚ್ಚುತ್ತಾಳೆ. ಕೆಲವರಿಗೆ ಇದು ಕಾಲಹರಣ ಅನ್ನಿಸುತ್ತದೆ.

ಮೊನ್ನೆ ಸಿಂದಗಿಯಲ್ಲಿ ಗೌಸಬಿ ಎಂಬಾಕೆಯ ಮನೆ. ಸಾಲಿ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ಕಟ್ಟಿಸಿದ ಎರಡು ಖೋಲಿಯ ಮನೆ, ತಿಳಿ ಹಸಿರು ಬಣ್ಣ. ದುಬೈಯಲ್ಲಿದ್ದ ತಮ್ಮನಿಗೆ ಕಳಿಸಲು ಫೋಟೋ ಬೇಕಾಗಿತ್ತು. ಭುವನೇಶ್ವರಿ ಕಿಟಕಿ ತೆರೆದಾಗ ಆಚೆ ಕಂಡದ್ದು ಪಕ್ಕದ ಮನೆಯ ಗೋಡೆ, ಅದರ ಮೇಲೆ ಒಣಹಾಕಿದ ಕೌದಿ.

"ಏನ್ ಕಾಣ್ತೈತ್ರಿ ಅಲ್ಲಿ, ಬರೇ ಗ್ವಾಡಿ" ಎಂದು ಗೌಸಬಿ ನಾಚಿದಳು. ಆಮೇಲೆ ಕೇಳಿದಳು, "ಅಕ್ಕಾರ, ಮನಿ ಫೋಟೋದಾಗ ಮಂದಿ ಇರಬಾರದಂತಲ್ರಿ?"

"ಯಾರಂದ್ರು?"

"ಹಂಗಾರ ನಾ ಒಂಚೂರು ಬಾಗಲದಾಗ ನಿಂದ್ರಲೇನ್ರಿ? ಸೀರಿ ಬದಲಿ ಮಾಡಿ ಬರ್ತೇನಿ."

"ಬರ್ರಿ, ಗಡಬಡಿ ಏನಿಲ್ಲ" ಎಂದು ಭುವನೇಶ್ವರಿ ಟ್ರೈಪಾಡನ್ನು ರಸ್ತೆಯ ಆಚೆ ಬದಿಗೆ ಒಯ್ದು ನಿಲ್ಲಿಸಿದಳು. ಒಂದು ಆಟೋ ಹಾರ್ನ್ ಹೊಡೆಯಿತು. ಕೈ ತೋರಿಸಿ ಅದನ್ನು ಬದಿಯಿಂದ ಕಳಿಸಿ, ರಸಮಟ್ಟ ಇಟ್ಟು, ಹಸಿರು ಬಾಗಿಲು ತೆರೆಯುವುದನ್ನೇ ಕಾಯುತ್ತ ನಿಂತಳು.